‘ನಾನು ಯಾತಕ್ಕೂ ಬಾರದವನು’ ಅನ್ನುವ ತಮ್ಮ

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಡಿಗ್ರಿ ಕೊನೆಯ ವರ್ಷದಲ್ಲಿ ಸ್ಕಿಜೋಫ್ರೇನಿಯಾ ಶುರುವಾಯಿತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾನೆ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುವುದು, ಅನುಮಾನ ಪಡುವುದು ಈಗ ಇಲ್ಲ. ಆದರೆ ದಿನವಿಡೀ ಮಲಗಿರುತ್ತಾನೆ. ನೆಂಟರು ಬಂದರೆ ಬಾಗಿಲು ಹಾಕಿಕೊಳ್ಳುತ್ತಾನೆ. ‘ನಾನು ಯಾತಕ್ಕೂ ಬಾರದವನು’ ಅನ್ನುತ್ತಾನೆ. ‘ನೀನು ಜಾಣ ಕಣೋ’ ಅಂದರೆ ಸಿಟ್ಟಾಗುತ್ತಾನೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಸಿಟ್ಟು ಬರದೆ ಇರುತ್ತಾ? ಜೊತೆಯಲ್ಲಿ ಓದಿದವರೆಲ್ಲ ಕೆಲಸ, ಮದುವೆ ಅಂತ ಮುಂದೆ ಹೋದದ್ದು ಅವರಿಗೆ ಗೊತ್ತು. ನೀವು ಸುಮ್ನೆ ಸಮಾಧಾನಕ್ಕೆ ಹೇಳುತ್ತಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ.

ಮೊದಲಿಗೆ, ಇದು ಸೋಮಾರಿತನ ಅಲ್ಲ. ಈ ಕಾಯಿಲೆಯಲ್ಲಿ ಉತ್ಸಾಹ, ಮಾತು, ಏನಾದರೂ ಮಾಡಬೇಕು ಅನ್ನುವ ಆಸೆ ಎಲ್ಲ ಬತ್ತಿಹೋಗಬಹುದು. ದನಿ ಕೇಳಿಸುವುದನ್ನು ತಗ್ಗಿಸಿದಷ್ಟು ಚೆನ್ನಾಗಿ ಮಾತ್ರೆಗಳು ಇದನ್ನು ಸರಿಮಾಡುವುದಿಲ್ಲ. ಮಾತ್ರೆಯಿಂದಲೇ ಮಂಪರು, ಕೈನಡುಕ ಬರಬಹುದು, ತೂಕವೂ ಏರಬಹುದು. ಹೊಟ್ಟೆ ಬಂದಿದೆ ಅಂತ ನಾಚಿ ನೆಂಟರ ಮುಂದೆ ಬಾರದವರೂ ಇದ್ದಾರೆ. ವೈದ್ಯರಿಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಾಯಿಸಿ ನೋಡಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತು ಬಂದರೆ ಕಾಯಬೇಡಿ. ಕೂಡಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಉಚಿತ.

ಇನ್ನು ನಿಮ್ಮ ಪ್ರಶ್ನೆ. ನನ್ನ ಹತ್ತಿರ ಬರುವ ಒಬ್ಬರಿಗೆ ಮನೆಯಲ್ಲಿ ಹಾಲು ತರುವ ಕೆಲಸ ಕೊಟ್ಟಿದ್ದರು. ಮೊದಲ ವಾರ ಮೂರು ದಿನ ಅವರು ಏಳಲೇ ಇಲ್ಲ. ‘ನೀವು ಓಡಿಹೋಗಿ ತರಬೇಡಿ, ಬೈಯಲೂ ಬೇಡಿ’ ಅಂತ ತಾಯಿಗೆ ಹೇಳಿದ್ದೆ. ಮನೆಯವರೆಲ್ಲ ಕಾಫಿ ಇಲ್ಲದೆ ಕೂತರು. ಅಪ್ಪ ಮುಖ ಕಿವುಚಿಕೊಂಡು ಕರಿ ಕಾಫಿ ಕುಡಿದರಂತೆ. ಎರಡನೇ ವಾರ ಇವರೇ ಚಪ್ಪಲಿ ಮೆಟ್ಟಿ ಹೊರಟರು, ಎಂಟು ಗಂಟೆಗೆ. ಒಂದು ದಿನ ತಪ್ಪಿದಾಗ ಅಂಗಡಿಯವರು ‘ನಿನ್ನೆ ಯಾಕ್ ಸಾರ್ ಬರ್ಲಿಲ್ಲ?’ ಅಂದರಂತೆ. ಅದನ್ನು ನನ್ನ ಮುಂದೆ ಎರಡು ಸಲ ಹೇಳಿದರು. ನಾನು ಹೊಗಳಿದ್ದು ಯಾವುದೂ ಅವರಿಗೆ ನೆನಪಿಲ್ಲ!

ಅಂಥದ್ದೊಂದು ಕೆಲಸ ನಿಮ್ಮ ಮನೆಯಲ್ಲೂ ಇರುತ್ತದೆ. ಯಾವುದು ಆದೀತು ಅಂತ ತಮ್ಮನನ್ನೇ ಕೇಳಿ. ರಾತ್ರಿ ಮಾತ್ರೆಯ ಮಂಪರಿರುವುದರಿಂದ ಬೆಳಿಗ್ಗೆ ಆರಕ್ಕೆ ಎಬ್ಬಿಸಬೇಡಿ. ಮಾಡಿದ ಮೇಲೆ ‘ಶಭಾಷ್’ ಬೇಡ, ಅವರು ಮಗು ಅಲ್ಲ. ‘ನೀನು ಗ್ಯಾಸ್ ಬುಕ್ ಮಾಡಿದೆ, ನನಗೊಂದು ತಲೆನೋವು ತಪ್ಪಿತು’ ಅಂದರೆ ಸಾಕು.

ಅವರು ಅಲ್ಲೇ ಕೂತಿರುವಾಗ ‘ಅವನು ಮಾತ್ರೆ ತಗೊಂಡ್ನಾ?’ ಅಂತ ಅಮ್ಮನನ್ನು ಕೇಳುತ್ತೀರಾ? ವೈದ್ಯರಾದ ನಾವೂ ಇದೇ ತಪ್ಪು ಮಾಡುತ್ತೇವೆ. ಅವರನ್ನೇ ಕೇಳಿ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮಾನಸಧಾರ ಹಗಲು ಕೇಂದ್ರದ (ಇಂಥ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಹೋಗಿಬರುವ ಜಾಗ) ಬಗ್ಗೆ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಕೆಲವು ಸೌಲಭ್ಯಗಳಿವೆ. ಕೆಲವರಿಗೆ ‘ಅಂಗವಿಕಲ’ ಅನ್ನುವ ಪದವೇ ಚುಚ್ಚುತ್ತದೆ. ಆ ಪ್ರಮಾಣಪತ್ರ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ತಮ್ಮನೇ ಹೇಳಲಿ.