ಸಂಪಾದಕರ ಉತ್ತರ: ಮಾರ್ಚ್ 31ರ ಠೇವಣಿ

ಕಾಸರಗೋಡಿನ ಪೆರ್ಲದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸಹಕಾರಿ ಬ್ಯಾಂಕೊಂದರಲ್ಲಿ 14 ವರ್ಷ ಕ್ಲರ್ಕ್ ಆಗಿದ್ದವರು ಈಗ ಶಾಖೆಯ ಮ್ಯಾನೇಜರ್. ಮೂರು ದಿನದ ನಾಯಕತ್ವ ತರಬೇತಿಯೂ ಆಯಿತಂತೆ. ಮಾತು, ಉಡುಪು, ಸಮಯಪಾಲನೆ ಎಲ್ಲ ಹೇಳಿಕೊಟ್ಟರು, ಗುಣನಡತೆಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಹಿಂದಿನ ಮ್ಯಾನೇಜರು ಗುಟ್ಟಾಗಿ ಒಂದು ಉಪಾಯ ಹೇಳಿದರಂತೆ: ವರ್ಷದ ಲೆಕ್ಕ ಮುಗಿಯುವ ಮಾರ್ಚ್ 31ಕ್ಕೆ ಪರಿಚಯದವರಿಂದ ಠೇವಣಿ ಇಡಿಸಿ, ಎರಡು ದಿನ ಬಿಟ್ಟು ವಾಪಸ್ ಕೊಡಿ, ಗುರಿ ಮುಟ್ಟಿದ ಹಾಗೆ ಕಾಣುತ್ತದೆ. "ಒಳ್ಳೆಯ ಗುಣ ಇದ್ದರೆ ಒಳ್ಳೆಯ ಮ್ಯಾನೇಜರ್ ಆಗಬಹುದಾ? ಅದನ್ನು ಕಲಿಯಲಿಕ್ಕಾಗುತ್ತದಾ? ಹುಟ್ಟುಗುಣ ಸುಟ್ಟರೂ ಹೋಗದು ಅಂತ ಅಮ್ಮ ಹೇಳುತ್ತಾರೆ" ಎಂಬುದು ಅವರ ಪ್ರಶ್ನೆ.

ಅಕ್ಕಾ, ಮೊದಲು ಅಭಿನಂದನೆ. ಠೇವಣಿಯ ವಿಷಯದಿಂದಲೇ ಶುರು ಮಾಡುತ್ತೇನೆ.

2009ರ ಜನವರಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆ ಪತ್ರ ಬರೆದದ್ದು ನೆನಪಿದೆಯಾ? ಮೋಸದ ಲೆಕ್ಕ 7,000 ಕೋಟಿ ರೂಪಾಯಿ ದಾಟಿತ್ತು. ಆ ಪತ್ರದ ಒಂದು ಮಾತು ನನ್ನ ತಲೆಯಲ್ಲಿ ಈಗಲೂ ಇದೆ. ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ್ದಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ವರ್ಷ ಹೋದ ಹಾಗೆ ಅದು ಬೆಳೆಯಿತು ಅಂತ ಅವರೇ ಬರೆದಿದ್ದರು. ಹುಲಿ ಸವಾರಿ ಮಾಡಿದ ಹಾಗೆ, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ಗೊತ್ತಾಗಲಿಲ್ಲ ಅನ್ನುವ ಮಾತೂ ಅದರಲ್ಲಿತ್ತು. ಅಷ್ಟು ದೊಡ್ಡ ಕಂಪನಿ ಕಟ್ಟಿದವರಿಗೆ ಬುದ್ಧಿ ಕಡಿಮೆ ಇತ್ತು ಅನ್ನಲಾದೀತಾ? ಕೆಲವೇ ತಿಂಗಳ ಹಿಂದೆ ಆ ಕಂಪನಿಗೆ ಒಳ್ಳೆಯ ಆಡಳಿತದ ಪ್ರಶಸ್ತಿ ಬೇರೆ ಸಿಕ್ಕಿತ್ತು!

ನಿಮ್ಮ ಎರಡು ದಿನದ ಠೇವಣಿಯನ್ನು ಅದಕ್ಕೆ ಹೋಲಿಸಿದರೆ ಜಾಸ್ತಿಯಾಯಿತು, ಒಪ್ಪುತ್ತೇನೆ. ಆದರೆ ಮುಂದಿನ ವರ್ಷದ ಗುರಿ ಕೊಡುವುದು ಈ ವರ್ಷದ ಅಂಕಿ ನೋಡಿಯೇ ಅಲ್ವಾ? ಆಗ ಇನ್ನಷ್ಟು ಜನರ ಕೈಕಾಲು ಹಿಡಿಯಬೇಕು. ವೋಚರ್ ಬರೆಯುವ ಕ್ಲರ್ಕ್ ಇದನ್ನೆಲ್ಲ ನೋಡುತ್ತಿರುತ್ತಾರೆ. ನಾಳೆ ಅವರು ಕ್ಯಾಶ್‌ನಲ್ಲಿ 500 ರೂಪಾಯಿ ಹೊಂದಿಸಿ ಬರೆದರೆ ಯಾವ ಬಾಯಲ್ಲಿ ಕೇಳುತ್ತೀರಿ?

ಗುಣ ಅಂದರೆ ಪ್ರಾಮಾಣಿಕತೆ, ಅಷ್ಟೇ ಅಂತ ಅನೇಕರು ತಿಳಿದಿದ್ದಾರೆ. ನನಗೆ ಅಲ್ಲಿ ಸ್ವಲ್ಪ ತಕರಾರು. ಒಂದು ಪೈಸೆ ಮುಟ್ಟದವರು ಆಫೀಸನ್ನು ನರಕ ಮಾಡಿದ್ದನ್ನೂ ನೋಡಿದ್ದೇನೆ. 2008ರ ಹಣಕಾಸು ಕುಸಿತದ ನಂತರ ಕೆನಡಾದ ಐವಿ ಬಿಸಿನೆಸ್ ಸ್ಕೂಲಿನ ಅಧ್ಯಾಪಕರು ಈ ವಿಷಯ ಕೆದಕಿದರು. ಮುಂದಾಳಿಗೆ ಬೇಕಾದ 11 ಗುಣ ಹೇಳಿದರು: ಧೈರ್ಯ, ವಿನಯ, ನ್ಯಾಯ, ಸಂಯಮ, ಹೊಣೆಗಾರಿಕೆ, ಹೀಗೆ. ಎಲ್ಲದರ ನಡುವೆ ಇಟ್ಟದ್ದು ವಿವೇಚನೆಯನ್ನು. ಒಂದು ಗುಣ ಅತಿಯಾಗಿ ಇನ್ನೊಂದು ಇಲ್ಲದೇ ಹೋದರೆ ಅದೇ ದೋಷವಾಗುತ್ತದೆ ಅಂತ ಅವರ ಲೆಕ್ಕ. ವಿನಯ ಇಲ್ಲದವನ ಧೈರ್ಯ ದರ್ಪವಾಗುತ್ತದಲ್ಲ, ಹಾಗೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದಕ್ಕೆ ಕೆನಡಾವರೆಗೆ ಹೋಗಬೇಕಾಗಿಲ್ಲ. ವೇಷ, ಕುಣಿತ ಇಲ್ಲದೆ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನ ತಾಳಮದ್ದಳೆ; ಅದರಲ್ಲಿ ಪದ ಹಾಡಿ ಕೂಟ ನಡೆಸುವ ಭಾಗವತರನ್ನು ನೋಡಿ. ಹೊಸ ಹುಡುಗ ಅರ್ಥ ಹೇಳುವಾಗ ತಡವರಿಸಿದರೆ ಒಳ್ಳೆಯ ಭಾಗವತರು ಪದದ ಸಾಲನ್ನು ಇನ್ನೊಮ್ಮೆ ಹಾಡಿ ಅವನಿಗೆ ಸುಧಾರಿಸಿಕೊಳ್ಳಲು ಬಿಡುತ್ತಾರೆ. ಪಾತ್ರದ ಮಾತು ಆಡುವ ಹೆಸರುವಾಸಿ ಅರ್ಥಧಾರಿ ಎದುರಿನವರಿಗೆ ಬಾಯಿ ತೆರೆಯಲು ಬಿಡದೆ ಎಳೆದರೆ, ಜಾಗಟೆ ತಟ್ಟಿ ಮುಂದಿನ ಪದ ಎತ್ತುತ್ತಾರೆ. ಯಾರಿಗೆ ಎಷ್ಟು ಸಲಿಗೆ ಅನ್ನುವುದನ್ನು ಯಾರೂ ಹುಟ್ಟುವಾಗ ತಂದಿರುವುದಿಲ್ಲ. ಹಿರಿಯರ ಪಕ್ಕದಲ್ಲಿ ಎಷ್ಟೋ ರಾತ್ರಿ ನಿದ್ದೆಗೆಟ್ಟು ಕಲಿಯುತ್ತಾರೆ. ಅಮ್ಮನಿಗೆ ಇದನ್ನು ಹೇಳಿ ನೋಡಿ.

ನನ್ನದೂ ಒಂದು ಕಥೆ ಇದೆ. ಒಂದು ವಿಶೇಷಾಂಕದ ಮುಖಪುಟದಲ್ಲಿ ಲೇಖಕರ ಹೆಸರು ತಪ್ಪಾಗಿ ಅಚ್ಚಾಯಿತು. ಡಿಟಿಪಿ ಮಾಡುವ ಹುಡುಗಿಯನ್ನು ಎಲ್ಲರೆದುರು ಬೈದೆ. ಅವಳು ಮಾತಾಡಲಿಲ್ಲ. ಸಂಜೆ ಫೈಲು ಮಗುಚುವಾಗ ಪ್ರೂಫ್ ಸಿಕ್ಕಿತು. ಕೆಳಗೆ ಕೆಂಪು ಶಾಯಿಯಲ್ಲಿ 'ಸರಿ ಇದೆ' ಅಂತ ಬರೆದು ಸಹಿ ಹಾಕಿದ್ದು ನಾನೇ. ಮರುದಿನ ಅವಳನ್ನು ಒಳಗೆ ಕರೆದು ಕ್ಷಮೆ ಕೇಳಿದೆ. ಬೈದದ್ದು ಹೊರಗೆ, ಕ್ಷಮೆ ಕೇಳಿದ್ದು ಬಾಗಿಲು ಮುಚ್ಚಿ! ಇದು ಹೊಳೆಯಲು ಇನ್ನೂ ನಾಲ್ಕು ದಿನ ಹಿಡಿಯಿತು. ಆಮೇಲೆ ಎಲ್ಲರೆದುರು ಹೇಳಿದೆ. ಈಗ ನನ್ನ ತಪ್ಪು ಕಂಡರೆ ಅವಳೇ ಬಂದು ಹೇಳುತ್ತಾಳೆ. ಮೊದಲು ಗೊತ್ತಿದ್ದೂ ಸುಮ್ನೆ ಇರುತ್ತಿದ್ದಳಂತೆ, ನಾನು ಸಿಡುಕುತ್ತೇನೆ ಅಂತ.

ಇನ್ನೊಂದು ಮಾತು ಕೇಳಿದ್ದೀರಿ. ಶಾಖೆಯ ಒಂಬತ್ತು ಜನರಲ್ಲಿ ಕನ್ನಡದವರು ಮೂವರು, ಮನಸ್ಸು ಅವರ ಕಡೆಗೇ ವಾಲುತ್ತದೆ ಅಂತ. ಗಡಿನಾಡಿನವರಲ್ಲಿ ಯಾರಿಗೆ ವಾಲುವುದಿಲ್ಲ ಹೇಳಿ? ಮಲಯಾಳದ ಫಾರ್ಮ್ ಹಿಡಿದು ಕಂಗಾಲಾಗಿ ನಿಂತ ಅಜ್ಜನಿಗೆ ಕನ್ನಡದಲ್ಲಿ ವಿವರಿಸಿ ತುಂಬಿಸಿಕೊಡಿ, ಅದರಲ್ಲಿ ಅಳುಕು ಬೇಡ. ಆದರೆ ಓಣಂಗೆ ಒಂದು ದಿನ ಜಾಸ್ತಿ ರಜೆ ಕೇಳಿದವರಿಗೆ ಮುಖ ಗಂಟಿಕ್ಕಿ, ದೀಪಾವಳಿಗೆ ಕೇಳಿದವರಿಗೆ ನಗುತ್ತ ಸಹಿ ಹಾಕಿದರೆ ಆಗದು. ತಿಂಗಳಿಗೊಮ್ಮೆ ರಜೆಯ ಪುಸ್ತಕ ತೆರೆದು ನೀವೇ ನೋಡಿಕೊಳ್ಳಿ.

ಠೇವಣಿಗೆ ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಬೆಳೆಗಾರರ ಅಂಗಳಕ್ಕೇ ಹೋಗಿ ಕೇಳಿ. ಆದರೂ ಗುರಿ ತಪ್ಪಿದರೆ ತಪ್ಪಿತು ಅಂತಲೇ ಬರೆಯಿರಿ. ಮುಂದಿನ ಬಡ್ತಿ ತಡವಾಗಲೂಬಹುದು.

ಡಿಸೆಂಬರ್ ಸಂಚಿಕೆ ತಲುಪಲಿಲ್ಲ ಅಂದಿದ್ದೀರಿ. ಅಂಚೆಯವರನ್ನು ಬೈಯಬೇಡಿ. ನಮ್ಮ ಪಟ್ಟಿಯಲ್ಲಿ ನಿಮ್ಮ ಪಿನ್‌ಕೋಡಿನ ಒಂದು ಅಂಕಿ ತಪ್ಪಿತ್ತು. ಆ ಪಟ್ಟಿ ಬರೆದವನು ನಾನೇ. ಇನ್ನೊಂದು ಪ್ರತಿ ನಿನ್ನೆ ಕಳಿಸಿದ್ದೇನೆ.

– ಸಂಪಾದಕ