ಫೋನಲ್ಲಿ ಬರೋ ವಿಡಿಯೋ ವೆಬ್‌ಸೈಟಿಗೆ ಹಾಕಿದ್ರೆ ಕೆಲವರಿಗೆ ಬರೀ ಶಬ್ದ ಬರುತ್ತೆ, ಯಾಕೆ?

ನೀವು ಕೇಳಿರೋದು, ಫೋನಲ್ಲಿ ತೆಗೆದ ಎಂಪಿ4 ವಿಡಿಯೋನ ಸ್ವಂತ ವೆಬ್‌ಸೈಟಿಗೆ ಹಾಕಿದೀನಿ, ನನಗೆ ಚೆನ್ನಾಗೇ ಬರುತ್ತೆ, ಆದ್ರೆ ಕೆಲವರ ಲ್ಯಾಪ್‌ಟಾಪಲ್ಲಿ ಸ್ಕ್ರೀನ್ ಕಪ್ಪು ಬರೀ ಆಡಿಯೋ, ಯಾರೋ ಫ್ಲ್ಯಾಶ್ ಪ್ಲೇಯರ್ ಹಾಕಿಸಿ ಅಂದ್ರು, ಹಾಕಿಸ್ಲಾ ಅಂತ.

ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ. ಹಿಂದೆ ಬ್ರೌಸರಲ್ಲಿ ವಿಡಿಯೋ ಓಡಿಸ್ತಿದ್ದ ಸಾಫ್ಟ್‌ವೇರ್ ಅದು, ಅದರ ಕಂಪನಿ ಅಡೋಬಿಯವರೇ ಅದನ್ನ 2020 ಡಿಸೆಂಬರ್ 31ಕ್ಕೆ ನಿಲ್ಲಿಸಿ 2021 ಜನವರಿ 12ರಿಂದ ಓಡದ ಹಾಗೇ ಮಾಡಿದಾರೆ, ಈಗ ಫ್ಲ್ಯಾಶ್ ಅಪ್‌ಡೇಟ್ ಅಂತ ಯಾರಾದ್ರೂ ಡೌನ್‌ಲೋಡ್ ಕೊಟ್ರೆ ಅದು ವೈರಸ್ಸೇ ಅಂದ್ಕೊಳ್ಳಿ.

ನಿಮಗಾಗಿರೋದೇ ನನಗೂ ಆಗಿತ್ತು. ನಮ್ಮಕ್ಕನ ಟೈಲರಿಂಗ್ ಕ್ಲಾಸಿಗೆ ಒಂದು ಸಣ್ಣ ಸೈಟ್ ಮಾಡಿಕೊಟ್ಟು ಬ್ಲೌಸ್ ಕಟಿಂಗ್ ವಿಡಿಯೋ ಹಾಕಿದ್ದೆ, ಎರಡೇ ದಿನಕ್ಕೆ ಒಬ್ಬರು ಫೋನ್ ಮಾಡಿ "ಮೇಡಂ, ಕತ್ತರಿ ಸದ್ದು ಕೇಳುತ್ತೆ, ಬಟ್ಟೆ ಕಾಣ್ತಿಲ್ಲ" ಅಂದ್ರಂತೆ. ಅದೇ ಕ್ರೋಮು, ನನ್ನ ಲ್ಯಾಪ್‌ಟಾಪಲ್ಲಿ ಬರ್ತಿತ್ತು, ಅವರ ಹಳೇದ್ರಲ್ಲಿ ಇಲ್ಲ, ಒಂದು ವಾರ ಸರ್ವರ್ ಮೇಲೇ ಅನುಮಾನ ಪಟ್ಕೊಂಡು ಕೂತಿದ್ದೆ.

ಎಂಪಿ4 ಅನ್ನೋದು ಬರೀ ಡಬ್ಬಿ, ಓಡುತ್ತೋ ಇಲ್ವೋ ಅನ್ನೋದು ಒಳಗಿರೋ ಕೋಡೆಕ್ ಮೇಲೆ, ಅಂದ್ರೆ ಚಿತ್ರ, ಶಬ್ದನ ಕುಗ್ಗಿಸಿಟ್ಟಿರೋ ವಿಧಾನದ ಮೇಲೆ. ಈಗಿನ ಸುಮಾರು ಫೋನುಗಳು ಜಾಗ ಉಳಿಸೋಕೆ ಎಚ್‌.265ರಲ್ಲಿ ರೆಕಾರ್ಡ್ ಮಾಡ್ತವೆ, ಅದನ್ನೇ ಎಚ್‌ಇವಿಸಿ ಅಂತಾನೂ ಕರೀತಾರೆ. ಕ್ರೋಮ್ ಇದನ್ನ ಓಡಿಸೋಕೆ ಶುರು ಮಾಡಿದ್ದು 2022ರಲ್ಲಿ, ಅದೂ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪಿಗೆ ಆ ಕೋಡೆಕ್ ಬಿಡಿಸೋಕೆ ಬಂದ್ರೆ ಮಾತ್ರ. ವಿಂಡೋಸಿನ ಫೈರ್‌ಫಾಕ್ಸಿಗೆ ಬಂದಿದ್ದು 2025ರಲ್ಲಿ. ಚಿಪ್ಪಿಗೆ ಬರದೇ ಇದ್ದಾಗ ಆಡಿಯೋ ಮಾತ್ರ ಓಡಿ ಚಿತ್ರ ಕಪ್ಪಾಗುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ ಆ ಫೈಲನ್ನ ವಿಎಲ್‌ಸಿ ಅನ್ನೋ ಫ್ರೀ ವಿಡಿಯೋ ಪ್ಲೇಯರಲ್ಲಿ ತೆಗೆದು ಕಂಟ್ರೋಲ್ ಜೆ ಒತ್ತಿ, ಕೋಡೆಕ್ ಅಂತ ಇರೋ ಕಡೆ ಎಚ್‌ಇವಿಸಿ ಅಂತಿದ್ರೆ ಕಳ್ಳ ಸಿಕ್ಕಿದ ಹಾಗೇ.

ಯಾವುದು ಆರಿಸ್ಕೋಬೇಕು ಅಂದ್ರೆ ನಾನಂತೂ ಎಚ್‌.264 ವಿಡಿಯೋ, ಎಎಸಿ ಆಡಿಯೋ ಅಂತೀನಿ. 2003ರ ಕೋಡೆಕ್, ಹಳೇದು ನಿಜ, ಆದ್ರೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲದರಲ್ಲೂ ಓಡುತ್ತೆ. ವಿಪಿ9, ಎವಿ1 ಅನ್ನೋ ಹೊಸ ಕೋಡೆಕ್‌ಗಳಲ್ಲಿ ಫೈಲ್ ಚಿಕ್ಕದಾಗುತ್ತೆ, ಆದ್ರೆ ಹಳೇ ಲ್ಯಾಪ್‌ಟಾಪಲ್ಲಿ ಪ್ರೊಸೆಸರ್ ಬಿಸಿಯಾಗಿ ವಿಡಿಯೋ ತಡವರಿಸುತ್ತೆ, ಹತ್ತಿಪ್ಪತ್ತು ವಿಡಿಯೋಗೆ ಅದರ ತಂಟೆ ಬೇಡ. ಹ್ಯಾಂಡ್‌ಬ್ರೇಕ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಫಾಸ್ಟ್ 720ಪಿ30 ಅನ್ನೋ ಪ್ರಿಸೆಟ್ (ಮೊದಲೇ ಸಿದ್ಧ ಮಾಡಿಟ್ಟ ಸೆಟ್ಟಿಂಗು) ತಗೊಂಡು "ವೆಬ್ ಆಪ್ಟಿಮೈಸ್ಡ್" ಅನ್ನೋದಕ್ಕೆ ಟಿಕ್ ಹಾಕಿ. ಈ ಟಿಕ್ ಮರೀಬೇಡಿ, ಇಲ್ದಿದ್ರೆ ವಿಡಿಯೋದ ಯಾವ ಭಾಗ ಎಲ್ಲಿದೆ ಅಂತ ಹೇಳೋ ಇಂಡೆಕ್ಸು, ಫೈಲಿನ ಕೊನೇಲಿ ಉಳಿಯುತ್ತೆ, ಅದು ಸಿಗೋವರೆಗೆ ಬ್ರೌಸರ್ ಓಡಿಸೋಕಾಗದೆ ಒದ್ದಾಡುತ್ತೆ, ನೆಟ್ ಸ್ಲೋ ಇರೋರು ಆ ಸುತ್ತೋ ಚಕ್ರ ನೋಡಿನೋಡಿ ಪೇಜೇ ಮುಚ್ಚಿಬಿಡ್ತಾರೆ.

ಆಮೇಲೂ ಐಫೋನಲ್ಲಿ ಮಾತ್ರ ಬರ್ತಿಲ್ಲ ಅಂದ್ರೆ, ಇಲ್ಲಾ ಮುಂದಕ್ಕೆ ಎಳೆದ್ರೆ ಮತ್ತೆ ಮೊದಲಿಗೇ ಬರ್ತಿದೆ ಅಂದ್ರೆ, ಆಗ ಸರ್ವರ್ ಕಡೆ ನೋಡಿ. ಕ್ರೋಮಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಲ್ಲಿ ಆ ವಿಡಿಯೋ ಪಕ್ಕ ಸ್ಟೇಟಸ್ 206 ಇರಬೇಕು, 200 ಇದ್ರೆ ಸರ್ವರ್ ಫೈಲನ್ನ ತುಂಡುತುಂಡಾಗಿ ಕೊಡ್ತಿಲ್ಲ ಅಂತ, ಸಫಾರಿ ಅದಕ್ಕೆ ಒಪ್ಪಲ್ಲ, ಹೋಸ್ಟಿಂಗಿನವರಿಗೆ ರೇಂಜ್ ರಿಕ್ವೆಸ್ಟ್, ಅಂದ್ರೆ ಹಾಗೆ ತುಂಡಾಗಿ ಕೊಡೋದನ್ನ, ಆನ್ ಮಾಡಿಕೊಡಿ ಅಂತ ಹೇಳಿ. ಪೇಜ್ ತೆಗೆದ ತಕ್ಷಣ ತಾನಾಗೇ ಓಡಬೇಕು ಅಂತಿದ್ರೆ ವಿಡಿಯೋ ಟ್ಯಾಗಿಗೆ ಆಟೋಪ್ಲೇ ಜೊತೆ ಮ್ಯೂಟೆಡ್ (ಶಬ್ದ ಇಲ್ಲದೆ), ಪ್ಲೇಸ್‌ಇನ್‌ಲೈನ್ (ಪೇಜ್ ಒಳಗೇ) ಎರಡೂ ಸೇರಿಸಿ.

ಮುಂದೆ ಐಫೋನಲ್ಲಿ ತೆಗೆಯೋದಾದ್ರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ "ಮೋಸ್ಟ್ ಕಂಪ್ಯಾಟಿಬಲ್" ಮಾಡಿಟ್ಕೊಳ್ಳಿ. ಈಗ ಒಂದೇ ಒಂದು ಫೈಲ್ ಕನ್ವರ್ಟ್ ಮಾಡಿ ಆ ಕಪ್ಪು ಸ್ಕ್ರೀನ್ ಬಂದವರಿಗೇ ಲಿಂಕ್ ಕಳಿಸಿ ನೋಡಿ, ಆಗಲೂ ಬರ್ಲಿಲ್ಲ ಅಂದ್ರೆ ವಿಎಲ್‌ಸಿ ತೋರಿಸಿದ ಕೋಡೆಕ್ ಹೆಸರು, ಅವರ ಬ್ರೌಸರ್ ವರ್ಷನ್ ಎರಡನ್ನೂ ಇಲ್ಲಿ ಕೆಳಗೆ ಹಾಕಿ, ನೋಡಿ ಹೇಳ್ತೀನಿ.