ಪ್ರ: ಜಪಾನಿನ ಒಸಾಮು ತೆಜುಕಾ ಅವರ ಮಂಗಾ (ಜಪಾನಿ ಚಿತ್ರಕಥೆ) ಬರೀ ಮಕ್ಕಳಾಟದಂತಿದೆ, ಎಲ್ಲಿಂದ ಓದಲಿ?
ನೀವು 'ಆಸ್ಟ್ರೋ ಬಾಯ್'ನಿಂದ ಶುರು ಮಾಡಿದ್ದೇ ಬಹುಶಃ ತೊಡಕು. 1952ರಲ್ಲಿ ಅದು ಬಂದದ್ದೇ ಹುಡುಗರ ಪತ್ರಿಕೆಯಲ್ಲಿ. ಆ ದೊಡ್ಡ ಕಣ್ಣು, ದುಂಡು ಮುಖ ಡಿಸ್ನಿಯ ಪ್ರಭಾವ. 1950ರ ದಶಕದ ಕೊನೆಗೆ ಯೊಶಿಹಿರೊ ತತ್ಸುಮಿ ಮೊದಲಾದ ಮಂಗಾ ಕಲಾವಿದರು 'ಗೆಕಿಗಾ' ಎಂಬ ಪ್ರೌಢ ಶೈಲಿ ತಂದರು, ಮುಂದೆ ತೆಜುಕಾ ಕೂಡ ಬದಲಾದರು. ನೀವು ಹುಡುಕುತ್ತಿರುವ ಗಾಂಭೀರ್ಯ ಅಲ್ಲಿಂದೀಚೆಗಿದೆ.

ಮೊದಲು 1973ರ 'ಬ್ಲ್ಯಾಕ್ ಜ್ಯಾಕ್' ಹಿಡಿಯಿರಿ. ತೆಜುಕಾ ವೈದ್ಯಕೀಯ ಓದಿದವರು, ಶಸ್ತ್ರಚಿಕಿತ್ಸೆಯ ಪುಟಗಳಲ್ಲಿ ಅದು ಎದ್ದು ಕಾಣುತ್ತದೆ. ಬಿಡಿ ಕಥೆಗಳಾದ್ದರಿಂದ ಯಾವ ಸಂಪುಟ ಸಿಕ್ಕರೂ ಸರಿ. ಆಮೇಲೆ 'ಬುದ್ಧ'. ಅಲ್ಲಿ ಸಾವು ನೋವಿನ ನಡುವೆಯೂ ತಮಾಷೆ ನುಗ್ಗುತ್ತದೆ. ನನಗೆ ಅದೇ ಇಷ್ಟ, ನಿಮಗೆ ಒಗ್ಗುತ್ತದೋ ಹೇಳಲಾರೆ. ಒಗ್ಗದಿದ್ದರೆ ನೇರ ಹಿಟ್ಲರ್ ಕಾಲದ 'ಅಡಾಲ್ಫ್'ಗೆ ಹೋಗಿ.